ಊರಿನ ಮಳೆ ಕಂಡ ಕೋಲು

ಕಾಕ ತೀರಿಕೊಂಡರು ಎಂಬ ಸುದ್ದಿ ನಮ್ಮ ಹೋಟೆಲಿನ ಹಳಬರ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ನಾನು ನಂಬಲಿಲ್ಲ. ಯಾರೋ ಕೈಮುಗಿದ ಚಿತ್ರ ಹಾಕಿದರು, ಇನ್ಯಾರೋ ಗುಲಾಬಿ ಹಾಕಿದರು. ನಾನು ನೇರವಾಗಿ ಅವರ ಊರಿನ ಮನೆಗೆ ಫೋನ್ ಮಾಡಿದೆ. ವಿಚಾರಿಸದೆ ಯಾವುದನ್ನೂ ನಂಬಬಾರದೆಂದು ನಮಗೆಲ್ಲ ದಿನವೂ ಹೇಳುತ್ತಿದ್ದವರು ಅವರು. ಅವರ ಸಾವನ್ನೇ ವಿಚಾರಿಸದೆ ನಂಬುವುದು ನನಗೆ ಸರಿ ಕಾಣಲಿಲ್ಲ. ಮಗಳು ಫೋನೆತ್ತಿದಳು. "ಹೌದು ಆಂಟಿ, ಉಪ್ಪ ಹೋದ್ರು" ಎಂದಳು. ಆಮೇಲೆ ನಾನು, ಆ ಹೊತ್ತಿನಲ್ಲಿ ಯಾರೂ ಕೇಳಬಾರದ ಒಂದು ಪ್ರಶ್ನೆ ಕೇಳಿದೆ: "ಆ ಕೋಲು ಎಲ್ಲುಂಟು ಮಗಾ?" ಅವಳು ಹೇಳಿದ್ದನ್ನು ಕಡೆಗೆ ಹೇಳುತ್ತೇನೆ.

ದುಬೈಯ ನಮ್ಮ ಹೋಟೆಲಿಗೆ ಎದುರಿನಿಂದ ಬರುವವರಿಗೆ ಗಾಜಿನ ಬಾಗಿಲು, ಊದಿನ ಪರಿಮಳ, ಖರ್ಜೂರದ ತಟ್ಟೆ. ಹಿಂದಿನಿಂದ ಬರುವ ನೌಕರರಿಗೆ ಒಂದು ಕಬ್ಬಿಣದ ಗೇಟು, ಗೇಟಿನ ಒಳಗೊಂದು ಮೇಜು, ಮೇಜಿನ ಹಿಂದೆ ಕಾಕ. ಉಪ್ಪಿನಂಗಡಿ ಕಡೆಯ ಬ್ಯಾರಿ. ಕರಾವಳಿಯವರಾದ ನಾವು ಕಾಕ ಎಂದು ಕರೆಯುತ್ತಿದ್ದುದನ್ನು ಕೇಳಿ ನೇಪಾಳದವರೂ ಫಿಲಿಪ್ಪೀನ್ಸಿನವರೂ ಹಾಗೇ ಕರೆಯತೊಡಗಿದ್ದರು. ಡ್ಯೂಟಿ ಮುಗಿಸಿ ಹೊರಡುವವರ ಬ್ಯಾಗು ನೋಡಿ ಬಿಡುವುದು ಅವರ ಕೆಲಸ. ಬೇರೆ ಗಾರ್ಡುಗಳು ಜಿಪ್ಪು ಎಳೆದ ಶಾಸ್ತ್ರ ಮಾಡುತ್ತಿದ್ದರು. ಕಾಕ ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು, ಮಡಚಿದ ಕೊಡೆ ಬಿಚ್ಚುತ್ತಿದ್ದರು, ಬಿಸ್ಕತ್ತಿನ ಪ್ಯಾಕೆಟ್ಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ನನ್ನ ಬ್ಯಾಗಿನಲ್ಲಿ ಏನಿರುತ್ತದೆಂದು ನನ್ನ ಗಂಡನಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ನಾನು ಶಿರ್ವದ ಕಡೆಯ ಕ್ರಿಶ್ಚಿಯನ್, ನಮ್ಮವರನ್ನು ಊರಲ್ಲಿ ಕರೆಯುವಂತೆ ಕಾಕನಿಗೆ ನಾನು 'ಬಾಯಮ್ಮ', ನನ್ನ ಗಂಡ 'ಪೊರ್ಬು'. ಆ ಹೋಟೆಲಿನ ಲಿನನ್ ರೂಮಿನ ಸೂಪರ್‌ವೈಸರ್. ಟವೆಲು, ಬೆಡ್‌ಶೀಟು, ದಿಂಬಿನ ಚೀಲ ಎಲ್ಲವೂ ನನ್ನ ಕೈಕೆಳಗೆ ಇದ್ದುದರಿಂದ ಕಾಕನಿಗೆ ನನ್ನ ಮೇಲೆ ಉಳಿದವರಿಗಿಂತ ತುಸು ಹೆಚ್ಚೇ ಸಂಶಯ.

"ಎಂತ ಕಾಕಾ, ದಿನಾ ಅದೇ ಬ್ಯಾಗು ನೋಡಿ ನೋಡಿ ನಿಮಗೆ ಬೇಜಾರಾಗುದಿಲ್ವಾ?" ಎಂದು ಒಮ್ಮೆ ರೇಗಿದ್ದೆ.

"ನಿನ್ನೆ ನೋಡಿದ್ದು ನಿನ್ನೆಯ ಬ್ಯಾಗು ಬಾಯಮ್ಮ. ಇವತ್ತಿನದ್ದು ತೆಗೀರಿ" ಎಂದರು.

ಚಹಾ ಮಾಡುವುದನ್ನು ಕಣ್ಣಾರೆ ಕಂಡರೆ ಮಾತ್ರ ಕುಡಿಯುತ್ತಿದ್ದರು. ಗಂಟೆ ಎಷ್ಟೆಂದು ಒಬ್ಬರನ್ನು ಕೇಳಿ, ಅವರು ಆಚೆ ಹೋದ ಮೇಲೆ ಇನ್ನೊಬ್ಬರನ್ನು ಕೇಳುತ್ತಿದ್ದರು. ಜನರಲ್ ಮ್ಯಾನೇಜರ್ ಈದ್‌ಗೆ ಕೊಟ್ಟ ಸಿಹಿಯ ಡಬ್ಬವನ್ನೂ ಅವರ ಎದುರಿಗೇ ಬಿಚ್ಚಿ ಅಡಿಯವರೆಗೆ ನೋಡಿ, ಆಮೇಲೆ ಶುಕ್ರಿಯಾ ಹೇಳಿದವರು. ಇಂಥವರೊಂದಿಗೆ ಸ್ನೇಹ ಮಾಡುವುದು ಹೇಗೆ? ನಾನು ಮಾಡಲೂ ಇಲ್ಲ. ಬದಲಿಗೆ ಅವರನ್ನೇ ಗಮನಿಸತೊಡಗಿದೆ. ಸಂಶಯದಲ್ಲಿ ನಾನೇನೂ ಕಡಿಮೆಯವಳಲ್ಲ, ಬೆಡ್‌ಶೀಟಿನ ಕಲೆ ನೋಡಿ ಅದು ಕಾಫಿಯೋ ತಲೆಗೆ ಹಚ್ಚುವ ಬಣ್ಣವೋ ಎಂದು ಹೇಳುವ ಕಣ್ಣು ನನ್ನದು. ಕೆಲವೇ ವಾರಗಳಲ್ಲಿ ನನಗೆ ಒಂದು ವಿಷಯ ಪತ್ತೆಯಾಯಿತು. ಕಾಕ ಕುರ್ಚಿಯಿಂದ ಏಳುವುದೇ ಇಲ್ಲ. ಎಲ್ಲರಿಗಿಂತ ಮೊದಲು ಬಂದು ಕೂರುತ್ತಾರೆ, ಎಲ್ಲರೂ ಹೋದ ಮೇಲೆ ಏಳುತ್ತಾರೆ. ಒಂದು ಮಧ್ಯಾಹ್ನ ಮೆಟ್ಟಿಲ ಬಳಿ ಯಾರೂ ಇಲ್ಲವೆಂದುಕೊಂಡು ಅವರು ಇಳಿಯುವುದನ್ನು ಕಂಡೆ. ಎಡಗಾಲನ್ನು ಮುಂದಿಟ್ಟು, ಗೋಡೆ ಹಿಡಿದು, ಮುಖ ಹಿಂಡಿಕೊಂಡು ಇಳಿಯುತ್ತಿದ್ದರು. ತಲೆಯೆತ್ತಿದಾಗ ನಾನು ಎದುರಿಗಿದ್ದೆ.

ಸೆಕ್ಯುರಿಟಿ ಕೆಲಸದವನಿಗೆ ಕಾಲು ಸರಿಯಿಲ್ಲ ಎಂದು ಗೊತ್ತಾದರೆ ಖಲಾಸ್, ವೀಸಾ ರದ್ದು, ಊರಿಗೆ ಟಿಕೆಟ್. ಅದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಯಾರಿಗೂ ಹೇಳಲಿಲ್ಲ. ಆದರೆ ನಾನು ಯಾಕೆ ಹೇಳಲಿಲ್ಲ ಎಂಬುದೇ ಅವರಿಗೆ ಹೊಸ ಸಂಶಯವಾಯಿತು. ಮರುದಿನದಿಂದ ನನ್ನ ಬ್ಯಾಗಿನ ತಪಾಸಣೆ ಇನ್ನಷ್ಟು ಬಿಗಿಯಾಯಿತು.

ಕಾಕನೂ ನಾವೂ ಇದ್ದುದು ದುಬೈಯ ಸತ್ವಾ ಬಡಾವಣೆಯಲ್ಲಿ. ನಮ್ಮದು ದರ್ಜಿ ಅಂಗಡಿಗಳ ಮೇಲಿನ ಒಂದು ಸಣ್ಣ ಫ್ಲಾಟು. ಅವರದು ಎರಡು ಗಲ್ಲಿ ಆಚೆ, ಹಳೆಯ ವಿಲ್ಲಾವೊಂದರಲ್ಲಿ ನಾಲ್ಕಾರು ಜನರೊಂದಿಗೆ ಹಂಚಿಕೊಂಡ ಕೋಣೆ. ಒಂದು ಚಳಿಗಾಲ ಅವರ ಪಕ್ಕದ ವಿಲ್ಲಾ ಕೆಡವಲು ಬಂದವರು ಮೊದಲು ಅಂಗಳದ ಮರ ಕಡಿದರು. ಇಲ್ಲಿಯವರು ಸಿದ್ರ್ ಎನ್ನುವ, ನಮ್ಮ ಎಲಚಿಯ ಜಾತಿಯ ಮುಳ್ಳುಮರ. ರಜೆಯ ದಿನ ತರಕಾರಿಗೆಂದು ಹೊರಟವಳು ನೋಡುತ್ತೇನೆ, ಕಡಿದ ಕೊಂಬೆಗಳ ರಾಶಿಯ ಪಕ್ಕದಲ್ಲಿ ಕಾಕ ಒಂದು ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ಒಂದೊಂದೇ ಕೊಂಬೆ ಎಳೆದು, ತಿರುಗಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ಬಿಸಾಡುತ್ತಿದ್ದಾರೆ. ನಮ್ಮ ಬ್ಯಾಗುಗಳನ್ನು ನೋಡುವ ಅದೇ ಮುಖ.

"ಎಂತ ಕಾಕಾ, ಮರದಲ್ಲಿಯೂ ಟವೆಲು ಉಂಟಾ?"

ಅವರು ನಗಲಿಲ್ಲ. "ಕೋಲಿಗೆ. ಊರಲ್ಲಿ ಒಬ್ಬರಿಗೆ ಬೇಕು" ಎಂದರು.

"ಅಲ್ ಕೂಜ್‌ನಲ್ಲಿ ಅಷ್ಟು ಮರಗೆಲಸದ ವರ್ಕ್‌ಶಾಪುಗಳಿವೆಯಲ್ಲ, ಒಳ್ಳೆ ತೇಗದ ಪಟ್ಟಿ ಸಿಗ್ತದೆ."

"ಹಲಗೆಯಿಂದ ಸೀಳಿದ್ದು ಬೇಡ. ಅದರ ನಾರು ಅರ್ಧದಲ್ಲೇ ಹೊರಗೆ ಹೋಗಿರ್ತದೆ. ನೋಡ್ಲಿಕ್ಕೆ ಚಂದ, ಭಾರ ಬಿದ್ದ ದಿನ ಅಲ್ಲೇ ಮುರೀತದೆ. ಕೊಂಬೆಯಾದ್ರೆ ಬುಡದಿಂದ ತುದಿವರೆಗೆ ಒಂದೇ ನಾರು."

ಕಡೆಗೂ ಅವರು ಆರಿಸಿದ್ದು ಗೋಡೆಯ ನೆರಳಿನಲ್ಲಿ ಬೆಳೆದು ಬೆಳಕು ಹುಡುಕುತ್ತ ನೆಟ್ಟಗೆ ಮೇಲೆದ್ದಿದ್ದ ಒಂದು ಕೊಂಬೆಯನ್ನು. ಕಾಂಡಕ್ಕೆ ಕೂಡಿದ್ದ ಬುಡದ ಗಂಟು ಸಮೇತ ಕೊಯ್ಯಿಸಿಕೊಂಡರು. ಆ ಗಂಟೇ ಕೈಹಿಡಿ. ಮುಂದಿನ ವಾರಗಳಲ್ಲಿ ಅದರ ಮೇಲೆ ನಡೆದ ವಿಚಾರಣೆಯನ್ನು ನಾನು ಹೋಗುತ್ತ ಬರುತ್ತ ಕಂಡಿದ್ದೇನೆ. ಬಿಳಿ ಕಾಗದ ಹಾಸಿ ಅದರ ಮೇಲೆ ಕೊಂಬೆ ಕುಟ್ಟಿ, ಹುಳು ಕೊರೆದ ಹಿಟ್ಟು ಉದುರುತ್ತದೆಯೇ ಎಂದು ನೋಡುವರು. ಗಂಟುಗಳ ಮೇಲೆ ಉಗುರಿನಿಂದ ಕೆರೆದು ಸತ್ತ ಗಂಟೋ ಜೀವಂತ ಗಂಟೋ ಎಂದು ಪರೀಕ್ಷಿಸುವರು. ಸತ್ತ ಗಂಟಾದರೆ ಒಣಗಿದ ಮೇಲೆ ಕಳಚಿ ಬೀಳುತ್ತದಂತೆ. ಕೋಣೆಯೊಳಗೆ ತಂದಿಡಲಿಲ್ಲ, ಹಗಲೂ ರಾತ್ರಿ ಓಡುವ ಏಸಿಯ ಗಾಳಿಗೆ ಮರ ಬೇಗ ಒಣಗಿ ಸೀಳುತ್ತದೆಂದು ಮೆಟ್ಟಿಲಡಿಯ ನೆರಳಿನಲ್ಲಿಟ್ಟರು. ಎರಡೂ ತುದಿಗೆ ಮೇಣ ಹಾಕಬೇಕಿತ್ತು. ತುದಿಯಿಂದಲೇ ನೀರು ಬೇಗ ಹೋಗಿ ಬಿರುಕು ಬೀಳುವುದಂತೆ. "ನಿಮ್ಮಲ್ಲಿ ಮೊಂಬತ್ತಿ ಇರ್ತದಲ್ಲ ಬಾಯಮ್ಮ" ಎಂದು ನನ್ನನ್ನು ಕೇಳಿದರು. ದೇವರ ಪೀಠದ ಮುಂದೆ ಉರಿದು ಉಳಿದ ತುಂಡುಗಳನ್ನು ಕೊಟ್ಟೆ. ಅವನ್ನೂ ಮೂಸಿ ನೋಡಿಯೇ ತೆಗೆದುಕೊಂಡರು.

ಜೂನ್ ಬಂತು. ನಾನು ರಜೆಗೆ ಊರಿಗೆ ಹೊರಟಿದ್ದೆ. ಗೇಟಿನಲ್ಲಿ ನನ್ನ ಬ್ಯಾಗು ನೋಡಿ ಮುಗಿಸಿದ ಕಾಕ ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದರು: "ಬಾಯಮ್ಮ, ನಿಮ್ಮ ಲಗೇಜಲ್ಲಿ ಆ ಕೋಲು ಒಯ್ದು ಮಳೆಗಾಲ ಪೂರ್ತಿ ನಿಮ್ಮ ಅಮ್ಮನ ಮನೆಯಲ್ಲಿ ಇಡಬೇಕು. ಮಳೆ ಮುಗಿದ ಮೇಲೆ ಬರುವವರ ಕೈಲಿ ವಾಪಸ್ ಕಳಿಸಬೇಕು."

ಗಲ್ಫಿನಲ್ಲಿದ್ದವರಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ. ಊರಿಗೆ ಹೋಗುವವರ ಹತ್ತಿರ ಪಾರ್ಸೆಲ್ ಕೊಡುವವರು ಇದ್ದೇ ಇರುತ್ತಾರೆ, ಉಪ್ಪಿನಕಾಯಿ ಬಾಟಲಿಯೆಂದು ಒಯ್ದು ಜೈಲಿನಲ್ಲಿ ಕೂತವರ ಕತೆಗಳೂ ಇದ್ದೇ ಇರುತ್ತವೆ. ಅದರಲ್ಲೂ ಎರಡೂ ತುದಿಗೆ ಮೇಣ ಮೆತ್ತಿದ ಒಂದು ದಪ್ಪ ಕೋಲು! ಒಯ್ಯುವುದು, ಮತ್ತೆ ತರುವುದು! ಇಷ್ಟು ವರ್ಷ ನಮ್ಮ ಬಿಸ್ಕತ್ತು ಅಲ್ಲಾಡಿಸಿದ ಮನುಷ್ಯನ ಅಸಲು ಬಣ್ಣ ಇದೋ ಎಂದು ನನಗೆ ಮೈ ಉರಿಯಿತು.

"ಮಾಫಿ ಕಾಕಾ. ನನ್ನಿಂದಾಗುದಿಲ್ಲ. ಅದರೊಳಗೆ ಎಂತ ಉಂಟೋ ನನಗೆಂತ ಗೊತ್ತು?"

ಅವರಿಗೆ ಸಿಟ್ಟು ಬರುತ್ತದೆಂದುಕೊಂಡೆ. ಅವರ ಮುಖ ಅರಳಿತು. ಅದನ್ನು ನಾನು ಅದೇ ಮೊದಲು ನೋಡಿದ್ದು.

"ಅಬ್ಬ! ಈ ವರ್ಷ ಊರಿಗೆ ಹೋಗುವ ಎಲ್ಲರನ್ನೂ ಕೇಳಿದೆ ಬಾಯಮ್ಮ. ಒಬ್ಬನೂ ಎಂತದು, ಯಾಕೆ ಅಂತ ಕೇಳ್ಲಿಲ್ಲ, 'ಕೊಡಿ ಕಾಕಾ' ಅಂದ್ರು. ನನ್ನದು ಕೇಳದೆ ಒಯ್ಯುವವ ಇನ್ನೊಬ್ಬನದ್ದೂ ಕೇಳದೆ ಒಯ್ತಾನೆ. ಅವರ ಹತ್ರ ನಾನು ಕೊಡ್ಲಿಲ್ಲ. ನೀವು ಸಂಜೆ ಬನ್ನಿ, ನಿಮ್ಮ ಎದುರೇ ಮೇಣ ಕೆರೀತೇನೆ, ಬೇಕಾದಲ್ಲಿ ತೂತು ಮಾಡಿ ನೋಡಿ."

ಸಂಜೆ ಗಂಡನನ್ನೂ ಕರೆದುಕೊಂಡು ಹೋದೆ. ಮೇಣ ಕೆರೆದು ತೋರಿಸಿದರು. ಗಟ್ಟಿ ಮರ, ವರ್ಷದ ಉಂಗುರಗಳು, ಬೇರೇನೂ ಇಲ್ಲ. ಆದರೂ ನಾನು ಬಿಡಲಿಲ್ಲ. ಒಂದು ಕೋಲನ್ನು ವಿಮಾನ ಹತ್ತಿಸಿ ಮಳೆ ತೋರಿಸುವುದು ಯಾಕೆ ಎಂದು ಕೇಳಿದೆ. ಆಗ ಅವರು ಹೇಳಿದ್ದು ಊರಿನಲ್ಲಿದ್ದ ತನ್ನ ಅಣ್ಣನ ಕತೆ.

ಕೆಲವು ವರ್ಷದ ಹಿಂದೆ ಅಣ್ಣನಿಗೆ ಕಾಲುನೋವೆಂದು ಕಾಕ ಇಲ್ಲಿಯೇ ಒಂದು ಕೋಲು ಮಾಡಿದ್ದರು. ಏಸಿ ಕೋಣೆಯಲ್ಲಿ ಮಂಚದಡಿ ಇಟ್ಟು ಚೆನ್ನಾಗಿ ಒಣಗಿಸಿ, ಎಣ್ಣೆ ಹಚ್ಚಿ, ತುದಿಗೆ ಹಿತ್ತಾಳೆಯ ಬಳೆ ಬಿಗಿದು ಕಳಿಸಿದ್ದರು. ದುಬೈ ಕೋಲೆಂದು ಅಣ್ಣ ಪೇಟೆಯಿಡೀ ತೋರಿಸಿಕೊಂಡು ಬಂದರು. ಇಲ್ಲಿನ ಗಾಳಿಯಲ್ಲಿ ಒಣಗಿ ಕುಗ್ಗಿದ ಆ ಮರ ಜುಲೈ ತಿಂಗಳ ಮಳೆಯಲ್ಲಿ ನೀರು ಕುಡಿದು ಉಬ್ಬಿತು. ಬಿಗಿದ ಬಳೆಯೊಳಗೆ ಉಬ್ಬಲು ಜಾಗವಿಲ್ಲದೆ ತುದಿ ಸೀಳಿತು. ಯಾರ ಕಣ್ಣಿಗೂ ಬೀಳಲಿಲ್ಲ. ಅಣ್ಣ ಮಸೀದಿಯ ಮೆಟ್ಟಿಲಲ್ಲಿ ಅದರ ಮೇಲೆ ಭಾರ ಹಾಕಿದರು, ಬಿದ್ದರು, ಸೊಂಟ ಮುರಿಯಿತು. ಆಪರೇಷನ್ ಆಗಿ ಎದ್ದ ಮೇಲೂ ಯಾವ ಕೋಲೂ ಬೇಡವೆಂದು ಹಟ ಹಿಡಿದರು. ಗೋಡೆ ಹಿಡಿದು ಮನೆಯೊಳಗೆ ನಡೆಯುತ್ತಿದ್ದರೇ ಹೊರತು ಅಂಗಳಕ್ಕಿಳಿಯಲಿಲ್ಲ.

"ಫೋನಲ್ಲಿ ಮಾತಾಡ್ತಾನೆ. ಊಟ ಆಯ್ತಾ ಕೇಳ್ತಾನೆ. ಬೈಯೂದಿಲ್ಲ. ಬೈದಿದ್ರೆ ಒಳ್ಳೇದಿತ್ತು" ಎಂದರು ಕಾಕ. "ಇನ್ನೊಂದು ಕೋಲು ಮಾಡಿದ್ರೆ ಅವನು ಹಿಡೀತಾನಾ ಇಲ್ವಾ ನಂಗೊತ್ತಿಲ್ಲ. ಮಾಡುವ ಮೊದಲು ಮರ ಮಾತ್ರ ಊರಿನ ಮಳೆ ತಿಂದು ಬರಬೇಕು. ಬಗ್ಗುವುದಾದ್ರೆ ಈಗಲೇ ಬಗ್ಗಲಿ. ಸೀಳುವುದಾದ್ರೆ ಈಗಲೇ ಸೀಳಲಿ."

ನಾನು ಒಯ್ದೆ. ಬಚ್ಚಲಮನೆಯ ಅಟ್ಟದಲ್ಲಿ ಸೌದೆಯ ಜತೆ ಇಡಲು ಹೇಳಿದಾಗ ಅಮ್ಮ "ದುಬೈಯಿಂದ ಎಲ್ಲರೂ ಚಿನ್ನ ತರ್ತಾರೆ" ಎಂದಷ್ಟೇ ಹೇಳಿದರು. ಸೌದೆಯೊಂದಿಗೆ ಉರಿದು ಹೋಗದಂತೆ ಕೆಂಪು ರಿಬ್ಬನ್ ಕಟ್ಟಿ ಬಂದೆ.

ಮಳೆ ಮುಗಿದ ಮೇಲೆ ನನ್ನ ತಮ್ಮನ ಕೈಯಲ್ಲಿ ಕೋಲು ವಾಪಸ್ ಬಂತು. ಸೀಳಿರಲಿಲ್ಲ, ಆದರೆ ನಡುವಿನಲ್ಲಿ ತುಸು ಬಾಗಿತ್ತು. ನಾನು ಎಲ್ಲ ಕೆಟ್ಟಿತೆಂದುಕೊಂಡೆ. ಕಾಕನಿಗೆ ಖುಷಿಯೋ ಖುಷಿ. "ಗುಣ ತೋರಿಸ್ತು ನೋಡಿ! ಇನ್ನು ಇದರ ಹತ್ರ ಮಾತಾಡ್ಬಹುದು" ಎಂದರು. ಬಾಗಿದ್ದನ್ನು ನೆಟ್ಟಗೆ ಮಾಡಲು ಹಬೆ ಬೇಕಿತ್ತು. ನಮ್ಮ ಲಾಂಡ್ರಿಯಲ್ಲಿ ಬೇಕಾದಷ್ಟು ಹಬೆಯಿದೆ, ಒಂದು ನಿಮಿಷದ ಕೆಲಸ ಎಂದು ಹೇಳಿದ್ದೇ ತಪ್ಪಾಯಿತು. ನನ್ನನ್ನು ದುರುಗುಟ್ಟಿ ನೋಡಿದರು. "ಹೋಟೆಲಿನ ಹಬೆಯಾ? ನನ್ನನ್ನು ಸಿಕ್ಕಿಸ್ಲಿಕ್ಕಾ?"

ಹಾಗಾಗಿ ಒಂದು ರಜೆಯ ಬೆಳಿಗ್ಗೆ ನಮ್ಮ ಮನೆಗೇ ಬಂದರು. ಈಗ ನನ್ನ ಗಂಡನಿಗೆ ಸಂಶಯ. "ಅವ್ರು ಸೆಕ್ಯುರಿಟಿ. ಕೋಲು ನೆಪ. ನಮ್ಮ ಬಾತ್‌ರೂಮಲ್ಲಿ ಹೋಟೆಲಿನ ಟವೆಲು ಉಂಟಾ ನೋಡ್ಲಿಕ್ಕೆ ಬರೂದು" ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದರು. ಬಾತ್‌ರೂಮಿನಲ್ಲಿ ಇದ್ದದ್ದು ಮ್ಯಾನೇಜರ್ ಸಹಿ ಮಾಡಿಯೇ ನೌಕರರಿಗೆ ಹಂಚಿದ ಒಂದು ಹರಿದ ಟವೆಲು. ಆದರೂ ನಾನು ಓಡಿಹೋಗಿ ಅದನ್ನು ಬೀರುವಿನಲ್ಲಿ ತುರುಕಿದೆ. ಕಾಕ ಕೈತೊಳೆಯಲು ಹೋಗಿ ಬಂದು "ಟವೆಲು ಕಾಣೂದಿಲ್ಲ" ಎಂದರು.

ಇಡ್ಲಿಯಂಥ ನಮ್ಮ ಸನ್ನ ಬೇಯಿಸುವ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಬಾಗಿದ ಜಾಗವನ್ನು ಒದ್ದೆಬಟ್ಟೆ ಸುತ್ತಿ ಹಬೆಗೆ ಹಿಡಿದೆವು. ಮರ ಮೆತ್ತಗಾದ ಮೇಲೆ ಮೊಣಕಾಲಿಗೆ ಒತ್ತಿ ಎದುರು ದಿಕ್ಕಿಗೆ ಬಗ್ಗಿಸಬೇಕು. ಕಾಕ ಕೋಲನ್ನು ತನ್ನ ಮೊಣಕಾಲಿಗೆ ಆನಿಸಿದರು, ಉಸಿರು ಹಿಡಿದರು, ಆಮೇಲೆ ತೆಗೆದುಬಿಟ್ಟರು. "ಪೊರ್ಬುಗಳೇ, ನಿಮ್ಮ ಮೊಣಕಾಲು ಸ್ವಲ್ಪ ಕೊಡಿ" ಎಂದು ನನ್ನ ಗಂಡನನ್ನು ಕೇಳಿದರು. ನನ್ನ ಗಂಡ ಬಿಸಿ ಕೋಲನ್ನು ಕಾಲಿಗೊತ್ತಿಕೊಂಡು ಅಯ್ಯೋ ಅಮ್ಮಾ ಎನ್ನುತ್ತ ಬಗ್ಗಿಸಿದರು. ಕಾಕ ಎದುರು ಕೂತು ಒಂದು ಕಣ್ಣು ಮುಚ್ಚಿ "ಇನ್ನು ಸ್ವಲ್ಪ, ಇನ್ನು ಸ್ವಲ್ಪ, ಬಸ್" ಎಂದು ಹೇಳಿಸಿ ಮಾಡಿಸಿದರು. ಉದ್ದ ಎಷ್ಟಿರಬೇಕೆಂಬ ಪ್ರಶ್ನೆ ಬಂತು. ಚಪ್ಪಲಿ ಹಾಕಿ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅಲ್ಲಿಗೆ ಕೋಲಿನ ಹಿಡಿ ಬರಬೇಕಂತೆ. ಕಾಕ ನಮ್ಮ ಬಾಗಿಲಿಗೆ ಒರಗಿ ನಿಂತು ತನ್ನ ಮಣಿಕಟ್ಟಿನ ಮಟ್ಟಕ್ಕೇ ಗುರುತು ಹಾಕಿದರು.

ಕೋಲು ಯಾರಿಗೆಂದು ಅಲ್ಲಿ ನನಗೆ ಪತ್ತೆಯಾಯಿತು ಎಂದುಕೊಂಡೆ. "ಅಳತೆ ನಿಮ್ಮದು" ಎಂದೆ.

"ಅಣ್ಣ, ನಾನು ಇಬ್ರೂ ಒಂದೇ ಎತ್ತರ."

ನಾನು ನಂಬಲಿಲ್ಲ. ಕೋಲು ಆಗಿಯೇ ಹೋಗಿತ್ತು. ಆದರೂ ಅವರು ಅದನ್ನು ಊರಿಗೆ ಕಳಿಸುವ ಮಾತೆತ್ತಲಿಲ್ಲ. ಅಗಸೆ ಎಣ್ಣೆಯನ್ನು ಅಂಗೈಯಿಂದ ತಿಕ್ಕಿ ತಿಕ್ಕಿ ಹಚ್ಚಿದರು. ಈ ಸಲ ಬಳೆಯಿಲ್ಲ, ಬರೀ ರಬ್ಬರಿನ ಟೊಪ್ಪಿ. ಯಾವಾಗ ಕೇಳಿದರೂ ಇನ್ನೂ ಒಂದು ಮಳೆಗಾಲ ಕಾಣಲಿ ಎನ್ನುತ್ತಿದ್ದರು. ಎರಡನೆಯ ಮಳೆಗೂ ಅದು ನಮ್ಮೂರಿಗೆ ಹೋಗಿ ಬಂತು, ಕೂದಲೆಳೆಯಷ್ಟೂ ಬಾಗದೆ. ಮತ್ತೂ ಅದೇ ಮಾತು. ಒಂದು ದಿನ ಗೇಟಿನಲ್ಲಿ ನನಗೆ ತಾಳ್ಮೆ ತಪ್ಪಿತು.

"ಅಣ್ಣನ ಹೆಸರು ಹೇಳಿ ನಿಮಗೇ ಮಾಡಿದ್ದು ಕಾಕಾ ನೀವು. ಕಾಲು ನಿಮ್ಮದು, ಅಳತೆ ನಿಮ್ಮದು. ಅದಕ್ಕೇ ಕಳಿಸೂದಿಲ್ಲ."

ಅವರು ನನ್ನ ಬ್ಯಾಗನ್ನು ಎತ್ತಿ ಮೇಜಿನ ಮೇಲೆ ತಲೆಕೆಳಗೆ ಮಾಡಿದರು. ಬಾಚಣಿಗೆ, ಮಾತ್ರೆ, ಜಪಸರ, ಮೀನಿನ ವಾಸನೆ ಹೊಡೆಯುವ ಡಬ್ಬಿ ಎಲ್ಲವೂ ಸಾಲಿನಲ್ಲಿ ನಿಂತವರ ಎದುರು ಬಿದ್ದವು. ಒಂದೊಂದನ್ನೇ ನೋಡಿ ಒಂದೊಂದನ್ನೇ ವಾಪಸ್ ಇಟ್ಟರು. ಅದಾದ ಮೇಲೆ ಬಹಳ ದಿನ ನಾನು ಅವರೊಡನೆ ಮಾತಾಡಲಿಲ್ಲ. ಅಷ್ಟು ಸಿಟ್ಟು ಬಂದಿತ್ತು.

ಹೊಸ ಸೆಕ್ಯುರಿಟಿ ಮ್ಯಾನೇಜರ್ ಬಂದ. ಯಾರೂ ಒಂದೇ ಕಡೆ ಕೂರಬಾರದು, ಎಲ್ಲರಿಗೂ ಎಲ್ಲ ಡ್ಯೂಟಿ ಎಂದ. ಫೈರ್ ಡ್ರಿಲ್ಲಿನ ದಿನ ಕಾಕನಿಗೆ ಸಿಕ್ಕಿದ್ದು ಮೇಲಿನ ಮಹಡಿಗಳು. ಗಂಟೆ ಹೊಡೆಯಿತು, ಲಿಫ್ಟು ನಿಂತಿತು, ನಾವೆಲ್ಲ ಬಿಸಿಲಿನಲ್ಲಿ ಪಾರ್ಕಿಂಗಿನ ಬಳಿ ಸಾಲಾಗಿ ನಿಂತೆವು. ಮ್ಯಾನೇಜರ್ ಕೈಯ ವಾಕಿಟಾಕಿಯಲ್ಲಿ ಗಾರ್ಡುಗಳು ಒಬ್ಬೊಬ್ಬರಾಗಿ ತಮ್ಮ ಮಹಡಿ 'ಕ್ಲಿಯರ್' ಎಂದು ಹೇಳುತ್ತಿದ್ದುದು ನಮಗೂ ಕೇಳುತ್ತಿತ್ತು. ಅಷ್ಟು ಮೆಟ್ಟಿಲು ಅವರಿಂದ ಸಾಧ್ಯವಿಲ್ಲ. ಒಂದೇ ಒಂದು ಮಾತು, ಕ್ಲಿಯರ್ ಎಂದುಬಿಡಿ ಕಾಕಾ, ಮೇಲೆ ಯಾರೂ ಇಲ್ಲ, ಇದು ಬರೀ ಡ್ರಿಲ್ಲು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ವಾಕಿಟಾಕಿ ಸ್ವಲ್ಪ ಹೊತ್ತು ಗರಗರ ಎಂದಿತು. ಆಮೇಲೆ ಅವರ ದನಿ ಬಂತು, ಏದುಸಿರಿನೊಂದಿಗೆ. "ಚೆಕ್ ನಹೀ ಕಿಯಾ ಸಾರ್. ಮೇರಾ ಪೈರ್ ಖರಾಬ್ ಹೈ. ದೂಸ್ರೇ ಆದ್ಮೀ ಕೋ ಭೇಜೋ." ತಾನು ನೋಡಿಲ್ಲ, ಕಾಲು ಸರಿಯಿಲ್ಲ, ಬೇರೆಯವರನ್ನು ಕಳಿಸಿ ಎಂದು.

ಬೇರೆಯವರ ಬಾಯಿಮಾತನ್ನು ಒಂದು ದಿನವೂ ನಂಬದ ಮನುಷ್ಯ, ತನ್ನ ಬಾಯಿಮಾತನ್ನು ನಂಬಿರೆಂದು ನಮಗೆ ಹೇಳಲು ಒಪ್ಪಲಿಲ್ಲ. ಅಷ್ಟೂ ದಿನದ ನನ್ನ ಸಿಟ್ಟು ಅಲ್ಲಿಯೇ ಇಳಿದುಹೋಯಿತು. ಬಿಸಿಲಿಗೆ ಕಣ್ಣಲ್ಲಿ ನೀರು ಬರುತ್ತಿದೆ ಎಂದು ಪಕ್ಕದವಳಿಗೆ ಹೇಳಿದೆ.

ಮರುದಿನದಿಂದ ವೀಸಾ ರದ್ದಾಗುವವರೆಗೆ ಕಾಕ ಗೇಟಿಗೆ ಬಂದದ್ದು ಆ ಕೋಲೂರಿಕೊಂಡು, ಎಲ್ಲರ ಎದುರಿನಲ್ಲಿ. "ನೋಡಿದ್ರಾ, ನಾನು ಹೇಳ್ಲಿಲ್ವಾ ಅದು ನಿಮಗೇ ಅಂತ?" ಎಂದೆ, ನಗಿಸಲು.

"ನನ್ನ ಭಾರ ತಡೆಯದ್ದನ್ನು ಅವನಿಗೆ ಹೇಗೆ ಕೊಡೂದು?" ಎಂದರು. "ಮೊದಲು ನಾನು ಇದರ ಮೇಲೆ ಭಾರ ಹಾಕಿ ನೋಡ್ಬೇಕಿತ್ತು ಬಾಯಮ್ಮ. ಇಲ್ಲಿ ಹೇಗೆ ಹಾಕೂದು? ಹಾಕಿದ್ರೆ ಕೆಲಸ ಹೋಗ್ತಿತ್ತು." ಹಾಗಾದರೆ ಆ ಮಳೆಗಾಲದ ನೆವಗಳೆಲ್ಲ ಇದಕ್ಕೇ ಇರಬೇಕು. ನಾನು ಪೂರ್ತಿ ನಂಬಿದೆ ಎಂದು ಹೇಳಲಾರೆ, ಅರ್ಧ ನಂಬಿದೆ.

ಕೊನೆಯ ದಿನ ಹೊರಡುವಾಗ ಮೇಜಿನ ಹಿಂದೆ ಇದ್ದವನು ಒಬ್ಬ ಹೊಸ ನೇಪಾಳಿ ಗಾರ್ಡು. "ಜಾಯಿಯೇ ಕಾಕಾ" ಎಂದು, ಬ್ಯಾಗು ನೋಡದೆಯೇ ಹೋಗಿ ಎಂಬಂತೆ ಕೈಬೀಸಿದ. ಕಾಕ ಕದಲಲಿಲ್ಲ. ತಾನೇ ಬ್ಯಾಗು ಬಿಚ್ಚಿ ಎಲ್ಲವನ್ನೂ ಮೇಜಿನ ಮೇಲೆ ಸುರಿದರು. ಆಮೇಲೆ ಕೋಲಿನ ರಬ್ಬರ್ ಟೊಪ್ಪಿ ಕಿತ್ತು "ಯೇ ಭೀ ದೇಖೋ" ಎಂದು ಅವನ ಕೈಗಿತ್ತರು. ಅವನು ಗಾಬರಿಯಾಗಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದಷ್ಟು ಹೊತ್ತು ಅವರಿಗೆ ಊರಲು ಏನೂ ಇರಲಿಲ್ಲ. ಪಕ್ಕದಲ್ಲಿದ್ದ ನಾನು ತೋಳು ಚಾಚಿದೆ. ಅವರು ಮೊದಲು ಎರಡು ಬೆರಳಿಟ್ಟರು. ಸ್ವಲ್ಪ ಒತ್ತಿ ನೋಡಿದರು. ಆಮೇಲೆ ಪೂರ್ತಿ ಭಾರ ಬಿಟ್ಟರು.

ಫೋನಿನಲ್ಲಿ ಮಗಳು ಹೇಳಿದ್ದು ಇಷ್ಟು. ಊರಿಗೆ ಬಂದ ದಿನವೇ ಉಪ್ಪ ಆ ಕೋಲನ್ನು ಪಕ್ಕದ ಮನೆಗೆ ಒಯ್ದು ಅಣ್ಣನ ಮಂಚದ ಹತ್ತಿರ ಗೋಡೆಗೆ ಒರಗಿಸಿಟ್ಟು ಬಂದರಂತೆ. ತನಗೆ ಔಷಧಿ ಅಂಗಡಿಯಿಂದ ಒಂದು ಅಲ್ಯುಮಿನಿಯಂ ಕೋಲು ತರಿಸಿಕೊಂಡರಂತೆ. ಅಣ್ಣ ಬೇಡವೆನ್ನಲಿಲ್ಲ, ಮುಟ್ಟಲೂ ಇಲ್ಲ. ಇಡೀ ಮಳೆಗಾಲ ಮಲಗಿದಲ್ಲಿಂದಲೇ ಅದನ್ನು ನೋಡುತ್ತಿದ್ದರಂತೆ, ಕೆಲವೊಮ್ಮೆ ಮೊಮ್ಮಕ್ಕಳಿಗೆ ಹೇಳಿ ಹತ್ತಿರ ತರಿಸಿ ತುದಿಯ ಮೇಲೆ ಬೆರಳಾಡಿಸಿ ವಾಪಸ್ ಇಡಿಸುತ್ತಿದ್ದರಂತೆ. ಮಳೆ ನಿಂತಿತು. ಆಗಲೂ ಹಿಡಿಯಲಿಲ್ಲ. ಉಪ್ಪ ಒಮ್ಮೆಯೂ ಕೇಳಲಿಲ್ಲ.

"ಮತ್ತೆ?" ಎಂದೆ.

"ನಿನ್ನೆ ಉಪ್ಪನನ್ನು ಮಣ್ಣು ಮಾಡ್ಲಿಕ್ಕೆ ಹೊರಟಾಗ ದೊಡ್ಡಪ್ಪನನ್ನು ಕಾರಲ್ಲಿ ಕೂರಿಸ್ಲಿಕ್ಕೆ ಹೋದ್ರು ಆಂಟಿ. ಅವರು ಕೂರ್ಲಿಲ್ಲ. ಒಳಗೆ ಹೋಗಿ ಆ ಕೋಲು ತಗೊಂಡು ಬಂದ್ರು. ಮಸೀದಿಯ ಮೆಟ್ಟಿಲು ಹತ್ತಿ ಖಬರ್‌ಸ್ಥಾನದವರೆಗೆ ಅದನ್ನೇ ಊರಿಕೊಂಡು ನಡೆದ್ರು."